ಯುದ್ಧದ ಒತ್ತಡ ಮತ್ತು ಸೈನಿಕರ ಮಾನಸಿಕ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು, ಹಾಸನ, ಬೆಳಗಾವಿ, ಧಾರವಾಡದ ಕಡೆಯ ಎಷ್ಟೋ ಊರುಗಳಲ್ಲಿ ಸೈನ್ಯಕ್ಕೆ ಮಗನನ್ನು ಕಳುಹಿಸಿದ ಮನೆಗಳಿವೆ. ರಜೆಗೆ ಬಂದವನು, ಅಥವಾ ಪಿಂಚಣಿಯಾಗಿ ಊರು ಸೇರಿದವನು, ಮೊದಲಿನಂತಿಲ್ಲ ಎಂದು ಅನಿಸಿದಾಗ ಆ ಮನೆಯವರು ಯಾರ ಬಳಿ ಕೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಅವರ ಪ್ರಶ್ನೆಗಳಿಗೆ, ನೂರು ವರ್ಷಗಳ ಸಂಶೋಧನೆ ಏನು ಹೇಳುತ್ತದೆ ಎಂಬುದನ್ನು ಆಧರಿಸಿ ಇಲ್ಲಿ ಉತ್ತರ ಕೊಡಲಾಗಿದೆ.

ಯುದ್ಧದ ಒತ್ತಡವೂ ಪಿಟಿಎಸ್‌ಡಿಯೂ ಒಂದೇ ಏನು?

ಅಲ್ಲ. ಪ್ರಾಣಕ್ಕೆ ಅಪಾಯವಿರುವ ಕಡೆ ಎದೆಬಡಿತ ಏರುವುದು, ನಿದ್ದೆ ತೆಳುವಾಗುವುದು, ಎಲೆ ಅಲುಗಿದ ಸದ್ದಿಗೂ ಕಿವಿ ನಿಮಿರುವುದು ಕಾಯಿಲೆಯಲ್ಲ. ಗಡಿಯ ಠಾಣೆಯಲ್ಲಿ ರಾತ್ರಿ ಪಹರೆ ನಿಂತವನನ್ನು ಉಳಿಸುವುದೇ ಅದು. ಆ ಹೊರೆ ಮಿತಿಮೀರಿ, ಕೈ ನಡುಗಿ, ಮಾತು ನಿಂತು, ಕೆಲಸ ಮಾಡಲಾಗದ ಸ್ಥಿತಿ ಬಂದರೆ ಅದನ್ನು ಸೇನಾ ವೈದ್ಯರು ಯುದ್ಧದ ಒತ್ತಡದ ಪ್ರತಿಕ್ರಿಯೆ ಎನ್ನುತ್ತಾರೆ. ಬಹಳಷ್ಟು ಜನರಲ್ಲಿ ಇದು ಕೆಲವು ದಿನಗಳ ನಿದ್ದೆ, ಊಟ, ವಿಶ್ರಾಂತಿಯಿಂದ ಇಳಿಯುತ್ತದೆ.

ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ, ಬೇರೆಯದು. ನಡೆದುಹೋದ ಘಟನೆ ಕನಸಿನಲ್ಲೂ ಎಚ್ಚರದಲ್ಲೂ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಸರಿಯುವುದು, ಮನಸ್ಸು ಮರಗಟ್ಟಿದಂತಾಗಿ ಯಾರ ಮೇಲೂ ಪ್ರೀತಿ ಹುಟ್ಟದಿರುವುದು, ಸದಾ ಬೆಚ್ಚಿಬೀಳುವುದು ಅಥವಾ ಸಿಡುಕುವುದು, ಇವೆಲ್ಲ ಒಂದು ತಿಂಗಳಿಗೂ ಮೀರಿ ಉಳಿದು ದಿನದ ಬದುಕನ್ನು ಕೆಡಿಸಿದಾಗ ಮಾತ್ರ ಆ ಹೆಸರು ಬಳಸುತ್ತಾರೆ. ಕೆಲವರಲ್ಲಿ ಪೂರ್ಣ ಲಕ್ಷಣಗಳು ಕಾಣಿಸಿಕೊಳ್ಳಲು ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಸೈನಿಕರನ್ನು ಕಾಡುವುದು ಇದೊಂದೇ ಅಲ್ಲ. ಖಿನ್ನತೆ, ಆತಂಕ, ಕುಡಿತದ ಚಟ ಇವುಗಳೂ ಇದರೊಂದಿಗೆ ಅಥವಾ ಇದಿಲ್ಲದೆಯೂ ಬರುತ್ತವೆ.

ಹಿಂದಿನ ಕಾಲದ ಸೈನಿಕರಿಗೆ ಇದೆಲ್ಲ ಇರಲಿಲ್ಲವಲ್ಲ?

ಇತ್ತು, ಹೆಸರು ಬೇರೆಯಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದವರ ಎದೆಬಡಿತ, ಉಸಿರಾಟದ ತೊಂದರೆ, ಸುಸ್ತುಗಳನ್ನು ಪರೀಕ್ಷಿಸಿದ ವೈದ್ಯ ಜೇಕಬ್ ಡಾ ಕೋಸ್ಟಾ 1871ರಲ್ಲಿ ಅದನ್ನು ಹೃದಯದ ತೊಂದರೆಯೆಂದೇ ವಿವರಿಸಿದರು. ಮೊದಲ ಮಹಾಯುದ್ಧದ ಕಂದಕಗಳಿಂದ ಕುರುಡಾಗಿ, ಮೂಕರಾಗಿ, ನಡುಗುತ್ತ ಬಂದವರನ್ನು ನೋಡಿದ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ‘ಶೆಲ್ ಶಾಕ್’ ಎಂಬ ಪದ ವೈದ್ಯರ ಬಾಯಿಗೆ ಬಂತು. ಶೆಲ್ ಸಿಡಿದ ಹೊಡೆತಕ್ಕೆ ಮಿದುಳು ಅದುರಿ ಹೀಗಾಗುತ್ತದೆ ಎಂಬ ಊಹೆ ಹೆಚ್ಚು ಕಾಲ ನಿಲ್ಲಲಿಲ್ಲ, ಏಕೆಂದರೆ ಸ್ಫೋಟದ ಹತ್ತಿರವೂ ಇಲ್ಲದವರಲ್ಲಿ ಅದೇ ಲಕ್ಷಣಗಳಿದ್ದವು. ಮೈಯರ್ಸ್ ತಾವೇ ಆ ಪದವನ್ನು ಕೈಬಿಡಲು ಬಯಸಿದರು, ಬ್ರಿಟಿಷ್ ಸೈನ್ಯವಂತೂ 1917ರಲ್ಲಿ ಅದರ ಬಳಕೆಯನ್ನು ತಡೆಯಿತು. ಪದವನ್ನು ತಡೆದರೂ ರೋಗಿಗಳ ಸಾಲು ಕರಗಲಿಲ್ಲ. ಅದೇ ಯುದ್ಧದಲ್ಲಿ ಓಡಿಹೋದರು, ಹೇಡಿತನ ತೋರಿದರು ಎಂಬಂಥ ಆಪಾದನೆಗಳ ಮೇಲೆ 306 ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನಿಕರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಜನ ಇಂದು ನಾವು ಆಸ್ಪತ್ರೆಗೆ ಕಳುಹಿಸುತ್ತಿದ್ದವರು ಎಂಬುದನ್ನು ಓದುವಾಗ ಸಂಕಟವಾಗುತ್ತದೆ.

ಭಾರತದ ಸೈನಿಕರ ಮೇಲೂ ಆ ಅನುಮಾನ ಬಿತ್ತು. 1914ರಲ್ಲಿ ಫ್ರಾನ್ಸಿನ ಕೆಸರು ಕಂದಕಗಳಿಗೆ ಇಳಿದ ನಮ್ಮವರಲ್ಲಿ ಕೈಗೆ ಗಾಯವಾದವರು ಹೆಚ್ಚಿದಾಗ, ಯುದ್ಧ ತಪ್ಪಿಸಿಕೊಳ್ಳಲು ತಾವೇ ಗುಂಡು ಹೊಡೆದುಕೊಳ್ಳುತ್ತಿದ್ದಾರೆಂಬ ಮಾತು ಹಬ್ಬಿತು. ಇಂಗ್ಲೆಂಡಿನ ಬ್ರೈಟನ್‌ನಲ್ಲಿದ್ದ ಕಿಚನರ್ ಇಂಡಿಯನ್ ಆಸ್ಪತ್ರೆಯ ಬ್ರೂಸ್ ಸೀಟನ್ 1000 ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ, ಆ ಆರೋಪಕ್ಕೆ ಆಧಾರವಿಲ್ಲವೆಂದು ವರದಿ ಕೊಟ್ಟರು. ಗಾಯಗೊಂಡವನನ್ನು ಮೊದಲು ಶಂಕಿಸಿ ಆಮೇಲೆ ಪರೀಕ್ಷಿಸುವ ಅಭ್ಯಾಸ ಅಷ್ಟು ಹಳೆಯದು, ಮತ್ತು ಮನಸ್ಸಿನ ಗಾಯದ ವಿಷಯದಲ್ಲಿ ಅದು ಇನ್ನೂ ಪೂರ್ತಿ ಹೋಗಿಲ್ಲ.

ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಶೆಲ್ ಶಾಕ್‌ಗೆ ಒಳಗಾದ ಸೇನಾಧಿಕಾರಿಗಳನ್ನು ಗದರಿಸದೆ, ಅನುಭವವನ್ನು ನುಂಗಿಕೊಳ್ಳಲು ಹೇಳದೆ, ಮಾತಾಡಲು ಬಿಟ್ಟು ನೋಡಿಕೊಂಡ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ನಮ್ಮ ಪಕ್ಕದ ನೀಲಗಿರಿಯಲ್ಲಿ ತೋಡರ ನಡುವೆ ಇದ್ದು ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞರೂ ಅವರೇ.

ಧೈರ್ಯವಂತರಿಗೂ ಇದು ಬರುತ್ತದೆಯೇ?

ಬರುತ್ತದೆ, ಮತ್ತು ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಿರಾದರೆ ಇದನ್ನು ಓದಿ. ಎರಡನೆಯ ಮಹಾಯುದ್ಧಕ್ಕೆ ಮುನ್ನ ಅಮೆರಿಕದ ಸೈನ್ಯ, ದುರ್ಬಲ ಮನಸ್ಸಿನವರನ್ನು ಭರ್ತಿಯಲ್ಲೇ ಸೋಸಿ ತೆಗೆದರೆ ಸಮಸ್ಯೆ ಇರುವುದಿಲ್ಲ ಎಂದು ನಂಬಿ ಲಕ್ಷಾಂತರ ಯುವಕರನ್ನು ತಿರಸ್ಕರಿಸಿತು. ಆದರೂ ಆಸ್ಪತ್ರೆಗಳು ತುಂಬಿದವು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಜಾನ್ ಅಪೆಲ್ ಮತ್ತು ಗಿಲ್ಬರ್ಟ್ ಬೀಬಿ ಕಾಲಾಳು ಪಡೆಯ ದಾಖಲೆಗಳಿಂದ ಲೆಕ್ಕ ಹಾಕಿ, ಒಬ್ಬ ಸಾಧಾರಣ ಸೈನಿಕ ಒಟ್ಟು 200ರಿಂದ 240 ದಿನಗಳ ನೇರ ಕಾಳಗದ ಬಳಿಕ ಬಸವಳಿದುಬಿಡುತ್ತಾನೆ ಎಂದು ತೋರಿಸಿದರು. ಬ್ರಿಟಿಷರ ಸೈನಿಕರು ಸುಮಾರು 400 ದಿನ ತಾಳುತ್ತಿದ್ದರೆಂಬ ಅಂದಾಜಿತ್ತು. ಅವರ ಎದೆಗಾರಿಕೆ ಇಮ್ಮಡಿಯಾಗಿತ್ತೆಂದು ಇದರ ಅರ್ಥವಲ್ಲ. ಅವರನ್ನು ಆಗಾಗ ಮುಂಚೂಣಿಯಿಂದ ಹಿಂದಕ್ಕೆ ಕರೆಸಿ ನಾಲ್ಕು ದಿನ ವಿಶ್ರಾಂತಿ ಕೊಡುತ್ತಿದ್ದರು.

ಹೊತ್ತ ಹೊರೆ ಎಷ್ಟು, ಹೊತ್ತ ದಿನ ಎಷ್ಟು, ನಡುವೆ ಇಳಿಸಿಡಲು ಸಿಕ್ಕ ಕಟ್ಟೆ ಎಷ್ಟು, ಇವೇ ಹೆಚ್ಚಿನದನ್ನು ನಿರ್ಧರಿಸುತ್ತವೆ. ಬಾಲ್ಯದಲ್ಲಿ ಕಷ್ಟ ಕಂಡವರಿಗೆ ಅಪಾಯ ಸ್ವಲ್ಪ ಹೆಚ್ಚು, ಒಳ್ಳೆಯ ನಾಯಕತ್ವವೂ ಒಗ್ಗಟ್ಟೂ ಇರುವ ತುಕಡಿಯಲ್ಲಿ ಸ್ವಲ್ಪ ಕಡಿಮೆ. ‘ಗಂಡೆದೆಯವನಿಗೆ ಹೀಗಾಗುವುದಿಲ್ಲ’ ಎಂಬ ಮಾತಿಗೆ ಮಾತ್ರ ಯಾವ ದಾಖಲೆಯಲ್ಲೂ ಆಧಾರವಿಲ್ಲ.

ರಣರಂಗದ ಹತ್ತಿರವೇ ಚಿಕಿತ್ಸೆ ಕೊಡಬೇಕು ಎನ್ನುತ್ತಾರೆ, ಅದೇಕೆ?

ಮೊದಲ ಮಹಾಯುದ್ಧದಲ್ಲಿ ದೂರದ ಆಸ್ಪತ್ರೆಗೆ ಸಾಗಿಸಿದವರು ಬೇಗ ಚೇತರಿಸಿಕೊಳ್ಳಲಿಲ್ಲ, ಮುಂಚೂಣಿಯ ಹಿಂದೆಯೇ ಉಳಿಸಿಕೊಂಡವರಲ್ಲಿ ಹೆಚ್ಚಿನವರು ಸುಧಾರಿಸಿದರು ಎಂಬುದನ್ನು ವೈದ್ಯರು ಗಮನಿಸಿದ್ದರು. ಅಮೆರಿಕದ ಥಾಮಸ್ ಸಾಲ್ಮನ್ ಅದನ್ನು ಪದ್ಧತಿಯಾಗಿ ರೂಪಿಸಿದರು: ತನ್ನ ತುಕಡಿಗೆ ಹತ್ತಿರದಲ್ಲಿ, ತಡಮಾಡದೆ, ‘ನೀನು ರೋಗಿಯಲ್ಲ, ದಣಿದಿದ್ದೀಯೆ, ಮತ್ತೆ ನಿನ್ನವರ ಜೊತೆಗೆ ಹೋಗುವೆ’ ಎಂಬ ಭರವಸೆಯೊಂದಿಗೆ ಆರೈಕೆ. ಯುದ್ಧ ಮುಗಿದೊಡನೆ ಸೇನೆಗಳು ಈ ಪಾಠವನ್ನು ಮರೆತು, ಮುಂದಿನ ಯುದ್ಧದಲ್ಲಿ ಜನರನ್ನು ಕಳೆದುಕೊಂಡು ಮತ್ತೆ ಕಲಿತವು.

1982ರ ಲೆಬನಾನ್ ಯುದ್ಧದ ಇಸ್ರೇಲಿ ಸೈನಿಕರನ್ನು ಜಹಾವಾ ಸೊಲೊಮನ್ ಮತ್ತು ಸಂಗಡಿಗರು ಇಪ್ಪತ್ತು ವರ್ಷಗಳ ಕಾಲ ಹಿಂಬಾಲಿಸಿ ನೋಡಿದಾಗ, ಮುಂಚೂಣಿಯಲ್ಲಿ ಆರೈಕೆ ಸಿಕ್ಕವರಲ್ಲಿ ಪಿಟಿಎಸ್‌ಡಿ ಕಡಿಮೆಯಿತ್ತು. ಆದರೆ ಯಾರಿಗೆ ಎಲ್ಲಿ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲವಾದ್ದರಿಂದ ಈ ಫಲಿತಾಂಶವನ್ನು ಎಚ್ಚರಿಕೆಯಿಂದ ಓದಬೇಕು. ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ: ಸೈನಿಕನನ್ನು ಬೇಗ ಮತ್ತೆ ಕಾಳಗಕ್ಕೆ ಕಳುಹಿಸುವುದು ಅವನ ಹಿತಕ್ಕೋ ಸೇನೆಯ ಅಗತ್ಯಕ್ಕೋ? ಎರಡೂ ಕೆಲವೊಮ್ಮೆ ಒಂದಾಗುತ್ತವೆ, ಯಾವಾಗಲೂ ಅಲ್ಲ.

ಎಷ್ಟು ಸೈನಿಕರಿಗೆ ಇದು ಬರುತ್ತದೆ? ಅಂಕಿಗಳು ಒಂದಕ್ಕೊಂದು ಏಕೆ ಹೊಂದುವುದಿಲ್ಲ?

ಯಾರನ್ನು, ಯಾವಾಗ, ಹೇಗೆ ಕೇಳಿದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ವಿಯೆಟ್ನಾಂ ಯುದ್ಧದ ಅಮೆರಿಕನ್ ಮಾಜಿ ಸೈನಿಕರ ದೊಡ್ಡ ಸಮೀಕ್ಷೆ 1988ರಲ್ಲಿ, ಗಂಡಸರಲ್ಲಿ ಶೇ. 30.9ರಷ್ಟು ಜನರಿಗೆ ಬದುಕಿನಲ್ಲಿ ಎಂದಾದರೊಮ್ಮೆ ಪಿಟಿಎಸ್‌ಡಿ ಇತ್ತು ಎಂದಿತು. ಅದೇ ಮಾಹಿತಿಯನ್ನು ಸೇನಾ ದಾಖಲೆಗಳೊಂದಿಗೆ ಹೋಲಿಸಿ, ಬಿಗಿಯಾದ ಅಳತೆಗೋಲಿನಿಂದ 2006ರಲ್ಲಿ ಮರುಪರಿಶೀಲಿಸಿದಾಗ ಅದು ಶೇ. 18.7ಕ್ಕೆ ಇಳಿಯಿತು. ಇಳಿದ ಅಂಕಿಯೂ ಚಿಕ್ಕದಲ್ಲ, ಮತ್ತು ಹೆಚ್ಚು ಕಾಳಗ ಕಂಡವರಲ್ಲಿ ಹೆಚ್ಚು ಕಾಯಿಲೆ ಎಂಬ ಸಂಬಂಧ ಎರಡೂ ಲೆಕ್ಕಗಳಲ್ಲಿ ಗಟ್ಟಿಯಾಗಿ ನಿಂತಿತು.

ಬ್ರಿಟನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಇರಾಕ್ ಮತ್ತು ಅಫ್ಘಾನಿಸ್ತಾನದ ಕಾಲದ ಸೈನಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಅವರ ಲೆಕ್ಕದಲ್ಲಿ ಪಿಟಿಎಸ್‌ಡಿ ಸುಮಾರು ಶೇ. 4 ಇದ್ದದ್ದು 2018ರ ವರದಿಯ ಹೊತ್ತಿಗೆ ಸುಮಾರು ಶೇ. 6ಕ್ಕೆ ಏರಿತು, ಕಾಳಗದಲ್ಲಿ ಭಾಗವಹಿಸಿ ಸೇವೆಯಿಂದ ಹೊರಬಂದವರಲ್ಲಿ ಮಾತ್ರ ಅದು ಶೇ. 17. ಸಮವಸ್ತ್ರ ಕಳಚಿದ ಮೇಲಿನ ವರ್ಷಗಳು ಸುರಕ್ಷಿತ ಎಂದು ನಂಬುವ ನಮ್ಮ ಮನೆಗಳು ಈ ಕೊನೆಯ ಅಂಕಿಯ ಮೇಲೆ ಕಣ್ಣಿಡಬೇಕು.

ದೊಡ್ಡ ಯುದ್ಧವಿಲ್ಲದ ಈ ಕಾಲದಲ್ಲಿ ನಮ್ಮ ಸೈನಿಕರಿಗೆ ಒತ್ತಡ ಎಲ್ಲಿಂದ?

ಘೋಷಿತ ಯುದ್ಧ ಅಪರೂಪವಿರಬಹುದು, ಆದರೆ ಸಿಯಾಚಿನ್‌ನಲ್ಲಿ 1984ರಿಂದ ಸೈನ್ಯ ನಿಂತೇ ಇದೆ. ಜಮ್ಮು ಮತ್ತು ಕಾಶ್ಮೀರದಲ್ಲಿ, ಈಶಾನ್ಯದಲ್ಲಿ ದಶಕಗಳಿಂದ ಉಗ್ರರ ವಿರುದ್ಧದ ಕಾರ್ಯಾಚರಣೆಗಳು ನಡೆದಿವೆ. ಅಲ್ಲಿ ಎದುರಾಳಿಗೆ ಸಮವಸ್ತ್ರವಿಲ್ಲ, ಮುಂಚೂಣಿ ಯಾವುದು ಹಿಂಚೂಣಿ ಯಾವುದು ಎಂಬ ಗೆರೆಯಿಲ್ಲ. ರಸ್ತೆ ತೆರವು ಮಾಡಲು ಬೆಳಗಿನ ಜಾವ ಹೊರಟ ತುಕಡಿಗೆ ನಿನ್ನೆ ದಾಟಿದ ಮೋರಿಯೇ ಇಂದು ಸಿಡಿಯಬಹುದು.

ಇದರ ಮೇಲೆ ಊರಿನ ಭಾರ. ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯ, ಸರ್ವೆಯಾಗದ ಪಹಣಿ, ತಂಗಿಯ ಮದುವೆಯ ಸಾಲ, ಅತ್ತೆ ಸೊಸೆಯರ ಮುನಿಸು ಎಲ್ಲವೂ ಮೊಬೈಲ್‌ನಲ್ಲಿ ಕ್ಷಣಕ್ಕೆ ತಲುಪುತ್ತವೆ, ಆದರೆ ಬಗೆಹರಿಸಲು ರಜೆ ಅಷ್ಟು ಬೇಗ ಸಿಗುವುದಿಲ್ಲ. ಹಿಂದೆ ಕಾಗದ ತಲುಪುವಷ್ಟರಲ್ಲಿ ಜಗಳವೇ ತಣ್ಣಗಾಗಿರುತ್ತಿತ್ತು. ರಾಜ್ಯಸಭೆಗೆ 2022ರ ಮಾರ್ಚ್‌ನಲ್ಲಿ ಕೊಟ್ಟ ಉತ್ತರದಂತೆ ಅದರ ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳ 819 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು, ಅವರಲ್ಲಿ 642 ಮಂದಿ ಭೂಸೇನೆಯವರು. ಇವರೆಲ್ಲ ಕಾಳಗದ ಆಘಾತದಿಂದಲೇ ಸತ್ತರೆಂದು ಹೇಳುವುದು ತಪ್ಪಾಗುತ್ತದೆ. ಪ್ರತಿಯೊಂದರ ಹಿಂದೆಯೂ ಹಲವು ಎಳೆಗಳಿರುತ್ತವೆ.

ಮನೆಯವರು ಏನನ್ನು ಗಮನಿಸಬೇಕು?

ನಾನು ಬಲ್ಲ ನಿವೃತ್ತ ಹವಾಲ್ದಾರರೊಬ್ಬರು ಪ್ರತಿ ದೀಪಾವಳಿಗೆ ಮೂರು ದಿನ ತೋಟದ ಮನೆಗೆ ಹೋಗಿ ಇರುತ್ತಿದ್ದರು. ಅಡಿಕೆ ಕಳುವಾಗುತ್ತದೆ, ಕಾಯಬೇಕು ಎಂಬುದು ಅವರ ವಿವರಣೆ. ಹತ್ತು ವರ್ಷ ಮನೆಯವರು ಅದನ್ನು ನಂಬಿದರು. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖಮಾಡಿ ಕೂರುವುದು, ರಾತ್ರಿ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವುದು, ಕುಕ್ಕರ್ ಕೂಗಿದರೆ ಕೈಯಲ್ಲಿದ್ದ ಲೋಟ ಬೀಳುವುದು, ಇವನ್ನೆಲ್ಲ ‘ಮಿಲಿಟರಿಯವರ ಶಿಸ್ತು’ ಎಂದೇ ತಿಳಿದಿದ್ದರು. ಪಟಾಕಿಯ ವಿಷಯವನ್ನು ಅವರು ಹೆಂಡತಿಗೆ ಹೇಳಿದ್ದು ಹನ್ನೊಂದನೆಯ ವರ್ಷ.

ಪುಸ್ತಕದ ಲಕ್ಷಣಗಳು ಮನೆಯಲ್ಲಿ ಹೀಗೆ ವೇಷ ಮರೆಸಿಕೊಂಡು ಬರುತ್ತವೆ. ನಿದ್ದೆಯಲ್ಲಿ ಕೂಗುವುದು, ಹೆಂಡತಿಯಿಂದ ದೂರ ಮಲಗುವುದು, ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುವುದು, ಜೊತೆಗಿದ್ದವನ ಸಾವಿನ ತಿಂಗಳು ಬಂದಾಗ ಮೌನಿಯಾಗುವುದು, ಕಾರಣವಿಲ್ಲದೆ ಸಿಡಿದು ಮರುಕ್ಷಣ ನಾಚಿ ಕುಗ್ಗುವುದು. ತನ್ನ ವಸ್ತುಗಳನ್ನು ಹಂಚಲಾರಂಭಿಸಿದರೆ, ‘ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು’ ಎಂಬ ಮಾತು ಬಂದರೆ, ತಡಮಾಡಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಮನೆಯಲ್ಲಿ ಕೋವಿ ಇದ್ದರೆ?

ಕೊಡಗಿನ ಮನೆಗಳಿಗೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದೆ, ಏಕೆಂದರೆ ಅಲ್ಲಿ ಕೋವಿ ಕೈಲ್ ಪೊಳ್ದ್ ಎಂಬ ಆಯುಧಗಳ ಹಬ್ಬದ ದಿನ ಪೂಜೆಗೊಳ್ಳುವ ವಸ್ತು, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅದರ ಪರವಾನಗಿಯಲ್ಲಿ ವಿನಾಯಿತಿಯಿದೆ. ಗೌರವಕ್ಕೆ ಕುಂದಿಲ್ಲದಂತೆ, ಕಷ್ಟದ ದಿನಗಳು ಕಳೆಯುವವರೆಗೆ ಅದನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವುದು ಜಾಣತನ. 2006ರಲ್ಲಿ ಇಸ್ರೇಲಿ ಸೈನ್ಯ ವಾರಾಂತ್ಯದಲ್ಲಿ ರೈಫಲ್ ಮನೆಗೆ ಒಯ್ಯುವುದನ್ನು ನಿಲ್ಲಿಸಿದಾಗ ಯುವ ಸೈನಿಕರ ಆತ್ಮಹತ್ಯೆಗಳು ಶೇ. 40ರಷ್ಟು ಇಳಿದವು, ಇಳಿಕೆಯ ಬಹುಪಾಲು ವಾರಾಂತ್ಯದ ಸಾವುಗಳಲ್ಲೇ ಆಗಿತ್ತು. ಆ ಕೆಟ್ಟ ಗಳಿಗೆ ಹಾದುಹೋಗುವವರೆಗೆ ಕೈಗೆ ಆಯುಧ ಸಿಗದಿದ್ದರೆ ಬಹಳಷ್ಟು ಜನ ಉಳಿಯುತ್ತಾರೆ.

ಕ್ಯಾಂಟೀನ್ ರಮ್ ಕುಡಿದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. ತಡೆಯಬೇಕೇ?

ಮದ್ಯ ನಿದ್ದೆಯನ್ನು ಬೇಗ ತರುತ್ತದೆ, ಆದರೆ ನಡುರಾತ್ರಿಯ ನಂತರ ಅದನ್ನು ಒಡೆದುಹಾಕುತ್ತದೆ, ಮತ್ತು ಕುಡಿದು ಮರೆಸಿದ ನೆನಪು ಅಷ್ಟೇ ಹಸಿಯಾಗಿ ಉಳಿಯುತ್ತದೆ. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಮನೆಯವರ ಒತ್ತಾಯಕ್ಕೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಅಥವಾ ಸನ್ನಿ ಬರುವ ಅಪಾಯವಿದೆ. ವೈದ್ಯರ ನಿಗಾದಲ್ಲೇ ಬಿಡಿಸಬೇಕು.

ಇದಕ್ಕೆ ಚಿಕಿತ್ಸೆ ಏನು? ಗುಣವಾಗುತ್ತದೆಯೇ?

ಪಿಟಿಎಸ್‌ಡಿ ಎಂಬ ಹೆಸರು ಅಧಿಕೃತವಾಗಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ಅದೂ ವಿಯೆಟ್ನಾಂನಿಂದ ಮರಳಿದವರು ತಾವೇ ಗುಂಪುಗೂಡಿ ಮಾತನಾಡಿ, ಕೆಲವು ಮನೋವೈದ್ಯರು ಅವರ ಬೆನ್ನಿಗೆ ನಿಂತು ಒತ್ತಾಯಿಸಿದ ಮೇಲೆ. ಅಂದಿನಿಂದ ಚಿಕಿತ್ಸೆಯ ಸಂಶೋಧನೆ ವೇಗ ಪಡೆಯಿತು.

ಗಟ್ಟಿ ಪುರಾವೆ ಇರುವುದು ಆಘಾತದ ನೆನಪನ್ನೇ ಎದುರಿಗಿಟ್ಟುಕೊಂಡು ನಡೆಸುವ ಮಾತಿನ ಚಿಕಿತ್ಸೆಗಳಿಗೆ. ಒಂದು ವಿಧದಲ್ಲಿ, ನುರಿತ ಚಿಕಿತ್ಸಕರ ಜೊತೆಯಲ್ಲಿ ಘಟನೆಯನ್ನು ಮತ್ತೆ ಮತ್ತೆ ವಿವರವಾಗಿ ಹೇಳಿ, ತಪ್ಪಿಸಿಕೊಳ್ಳುತ್ತಿದ್ದ ಜಾಗಗಳಿಗೆ ಹಂತಹಂತವಾಗಿ ಹೋಗಿ, ನೆನಪು ಬೇರೆ ಅಪಾಯ ಬೇರೆ ಎಂಬುದನ್ನು ದೇಹಕ್ಕೆ ಕಲಿಸುತ್ತಾರೆ. ಇನ್ನೊಂದರಲ್ಲಿ ‘ನನ್ನಿಂದಲೇ ಅವನು ಸತ್ತ’ ಎಂಬಂಥ ತೀರ್ಮಾನಗಳನ್ನು ಬರೆದು, ಬಿಡಿಸಿ, ಪರೀಕ್ಷಿಸುತ್ತಾರೆ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ವಿಧಾನವೂ ಇದೆ. ಔಷಧಗಳಲ್ಲಿ ಸರ್ಟ್ರಾಲಿನ್, ಪ್ಯಾರೋಕ್ಸೆಟಿನ್ ಮೊದಲಾದವು ಉಪಯುಕ್ತ. ನಿದ್ದೆಗೆಂದು ಅಂಗಡಿಯಿಂದ ತರಿಸಿಕೊಳ್ಳುವ ಆಲ್ಪ್ರಾಜೋಲಮ್‌ನಂಥ ಮಾತ್ರೆಗಳನ್ನು ಪಿಟಿಎಸ್‌ಡಿಗೆ ಕೊಡಬಾರದೆಂದು ಅಮೆರಿಕದ ಸೇನಾ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ; ಅವು ಚಟವಾಗುತ್ತವೆ.

ಸೈನಿಕರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿದ 2015ರ ಒಂದು ಪರಾಮರ್ಶೆಯ ಪ್ರಕಾರ ಇಂಥ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 49ರಿಂದ 70ರಷ್ಟು ಜನ ಗಮನಾರ್ಹವಾಗಿ ಸುಧಾರಿಸಿದರು, ಆದರೆ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಕೊನೆಯಲ್ಲೂ ಕಾಯಿಲೆ ಪೂರ್ತಿ ಹೋಗಿರಲಿಲ್ಲ. ಎರಡೂ ನಿಜ. ಪೂರ್ತಿ ಗುಣವಾಗದಿದ್ದರೂ, ವಾರಕ್ಕೆ ಐದು ರಾತ್ರಿ ಬರುತ್ತಿದ್ದ ಕನಸು ತಿಂಗಳಿಗೊಮ್ಮೆ ಬರುವುದು ಆ ಮನೆಯ ಮಟ್ಟಿಗೆ ದೊಡ್ಡ ಬದಲಾವಣೆ.

ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಮಾತಾಡಿಸಿಬಿಟ್ಟರೆ ತಡೆಯಬಹುದಲ್ಲ?

ಹಾಗೆಂದೇ ಬಹಳ ಕಾಲ ನಂಬಿದ್ದರು. ಆದರೆ ಬಲವಂತವಾಗಿ, ಒಂದೇ ಬಾರಿ ಎಲ್ಲರಿಂದ ಘಟನೆಯನ್ನು ಹೇಳಿಸುವ ಕ್ರಮ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡುಕನ್ನೂ ಮಾಡಬಹುದು ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ಪರಾಮರ್ಶೆ ತೋರಿಸಿತು. ಮೊದಲ ದಿನಗಳಲ್ಲಿ ಬೇಕಾದದ್ದು ಸುರಕ್ಷಿತ ಜಾಗ, ಬಿಸಿ ಊಟ, ನಿದ್ದೆ, ಮನೆಗೆ ಒಂದು ಫೋನ್ ಮತ್ತು ಪಕ್ಕದಲ್ಲಿ ಪರಿಚಿತ ಸಂಗಾತಿ. ಅವನಾಗಿಯೇ ಹೇಳಿದರೆ ಕೇಳಬೇಕು, ಕೆದಕಬಾರದು.

ಭಯವಿಲ್ಲ, ಆದರೆ ತಪ್ಪು ಮಾಡಿದೆ ಎಂಬ ಕೊರಗು ಬಿಡುತ್ತಿಲ್ಲ. ಇದೂ ಅದೇ ಕಾಯಿಲೆಯೇ?

ಇದನ್ನು ನೈತಿಕ ಗಾಯ ಎಂದು ಸಂಶೋಧಕರು ಬೇರೆಯಾಗಿ ಹೆಸರಿಸಿದ್ದಾರೆ. ವಿಯೆಟ್ನಾಂ ಮಾಜಿ ಸೈನಿಕರ ಜೊತೆ ಕೆಲಸ ಮಾಡಿದ ಜೊನಾಥನ್ ಶೇ ಎಂಬ ಮನೋವೈದ್ಯರು, ನಂಬಿದ ಅಧಿಕಾರಿಯೇ ಸರಿಯಾದುದಕ್ಕೆ ದ್ರೋಹ ಬಗೆದಾಗ ಆಗುವ ಗಾಯವೆಂದು ಇದನ್ನು ವಿವರಿಸಿದರು. ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು 2009ರಲ್ಲಿ ಅದರ ಅರ್ಥವನ್ನು ಹಿಗ್ಗಿಸಿ, ತಾನೇ ಮಾಡಿದ, ತಡೆಯಲಾಗದ, ಅಥವಾ ಕಣ್ಣಾರೆ ಕಂಡ ಕೃತ್ಯದ ಭಾರವನ್ನೂ ಸೇರಿಸಿದರು. ನೋಡಿಕೊಳ್ಳುವ ಮನೆಯವರು ‘ನಿನ್ನ ತಪ್ಪೇನೂ ಇಲ್ಲ’ ಎಂದು ಬಾಯಿ ಮುಚ್ಚಿಸಿದರೆ ಆ ಮನುಷ್ಯ ಮತ್ತಷ್ಟು ಒಂಟಿಯಾಗುತ್ತಾನೆ. ಪೂರ್ತಿ ಕೇಳಿಸಿಕೊಳ್ಳುವವರು ಬೇಕು. ಭಾರತೀಯ ಸೇನೆಯಲ್ಲಿ ತುಕಡಿಯ ಧರ್ಮಗುರುಗಳಿಗೆ ಆಪ್ತಸಲಹೆಯ ತರಬೇತಿ ಕೊಡುತ್ತಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣ, ಏಕೆಂದರೆ ಪಾಪದ ಮಾತನ್ನು ಅನೇಕರು ವೈದ್ಯರಿಗಿಂತ ಮೊದಲು ಅವರ ಬಳಿ ಆಡುತ್ತಾರೆ.

ಹೇಳಿಕೊಂಡರೆ ನೌಕರಿಗೆ, ಬಡ್ತಿಗೆ ಪೆಟ್ಟಾಗುವುದಿಲ್ಲವೇ?

ಸೈನಿಕರು ಬಾಯಿ ಬಿಡದಿರಲು ಇದೇ ಮುಖ್ಯ ಕಾರಣ, ಮತ್ತು ಈ ಆತಂಕ ಆಧಾರವಿಲ್ಲದ್ದಲ್ಲ. ಸೈನಿಕರ ಆರೋಗ್ಯವನ್ನು ಅಳೆಯುವ ನಮ್ಮ ಸೇನೆಯ ‘ಶೇಪ್’ (SHAPE) ವರ್ಗೀಕರಣದ ಮೊದಲ ಅಕ್ಷರವೇ ಮಾನಸಿಕ ಸ್ಥಿತಿಯದು. ಮನೋವೈದ್ಯರ ಬಳಿ ಕಳುಹಿಸುವಾಗ ಕಮಾಂಡಿಂಗ್ ಅಧಿಕಾರಿಯ ವರದಿ ಎಎಫ್‌ಎಂಎಸ್‌ಎಫ್-10 ಎಂಬ ನಮೂನೆಯಲ್ಲಿ ಹೋಗುತ್ತದೆ, ಹಾಗಾಗಿ ತುಕಡಿಗೆ ವಿಷಯ ಗೊತ್ತಾಗುತ್ತದೆ. ವರ್ಗ ಇಳಿದರೆ ಕೆಲವು ಪೋಸ್ಟಿಂಗ್ ಮತ್ತು ಕೋರ್ಸುಗಳು ಕೈತಪ್ಪಬಹುದು. ಆದರೆ ಇಳಿಕೆ ಶಾಶ್ವತವಲ್ಲ. ನಿಗದಿತ ಅವಧಿಗೆ ಮರುಪರೀಕ್ಷೆಯಾಗುತ್ತದೆ, ಸುಧಾರಿಸಿದವರನ್ನು ಮೇಲಿನ ವರ್ಗಕ್ಕೆ ತರುತ್ತಾರೆ.

ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು 2004ರಲ್ಲಿ ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಅಮೆರಿಕನ್ನರನ್ನು ಸಮೀಕ್ಷಿಸಿದಾಗ, ಮಾನಸಿಕ ತೊಂದರೆ ಕಂಡುಬಂದವರಲ್ಲಿ ಶೇ. 23ರಿಂದ 40ರಷ್ಟು ಜನ ಮಾತ್ರ ನೆರವು ಪಡೆದಿದ್ದರು. ‘ನನ್ನನ್ನು ದುರ್ಬಲ ಎಂದುಕೊಳ್ಳುತ್ತಾರೆ’ ಎಂಬ ಅಂಜಿಕೆ, ತೊಂದರೆ ಇಲ್ಲದವರಿಗಿಂತ ತೊಂದರೆ ಇದ್ದವರಲ್ಲೇ ಸುಮಾರು ಇಮ್ಮಡಿಯಿತ್ತು. ಹೆಚ್ಚು ನೆರವು ಬೇಕಾದವನೇ ಹೆಚ್ಚು ಹಿಂಜರಿಯುತ್ತಾನೆ. ಇದನ್ನು ಸರಿಪಡಿಸುವ ಹೊಣೆ ಕಾಯಿಲೆಯಾದವನದಲ್ಲ, ಕೇಳಿದವನಿಗೆ ನಷ್ಟವಾಗದಂತೆ ನಿಯಮ ಮಾಡಬೇಕಾದವರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಾಯಿಲೆಗೆ ಅಂಗವೈಕಲ್ಯ ಪಿಂಚಣಿ ಸಿಗುತ್ತದೆಯೇ?

ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ವೈದ್ಯಕೀಯ ಮಂಡಳಿ ಒಪ್ಪಿದರೆ ಸಿಗಬಹುದು. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭರ್ತಿಯ ವೇಳೆ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಆ ವ್ಯಕ್ತಿ ದೇಹದಲ್ಲೂ ಮನಸ್ಸಿನಲ್ಲೂ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು ಎಂದು ಹೇಳಿತು. 2023ರಲ್ಲಿ ಅರ್ಹತಾ ನಿಯಮಗಳು ಬದಲಾಗಿರುವುದರಿಂದ, ಸೇವೆ ಮುಗಿದ ದಿನಾಂಕಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಆಸ್ಪತ್ರೆಯ ಪ್ರತಿ ಕಾಗದವನ್ನೂ ಜೋಪಾನ ಮಾಡಿ.

ಎಲ್ಲಿಗೆ ಹೋಗಬೇಕು? ಯಾರಿಗೆ ಫೋನ್ ಮಾಡಬೇಕು?

ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಇದರ ರಾಷ್ಟ್ರೀಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಶಸ್ತ್ರ ಪಡೆಗಳಿಗೆಂದೇ ಪ್ರತ್ಯೇಕ ಘಟಕ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಶುರುವಾಯಿತು. ಸೇವೆಯಲ್ಲಿರುವವರಿಗೆ ಸೇನಾ ಆಸ್ಪತ್ರೆಗಳ ಮನೋವೈದ್ಯ ವಿಭಾಗವಿದೆ. ನಿವೃತ್ತರು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಮೂಲಕ ತಜ್ಞರ ಬಳಿ ಹೋಗಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದರೆಂದೇ ಕಾಣಬೇಕು, ಶಿಕ್ಷಿಸಬಾರದು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ನಿನ ಸಾರ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡಮಾಡಬೇಡಿ.

ದೇವರ ಹರಕೆ, ಯೋಗ, ಪ್ರಾಣಾಯಾಮ ಸಾಲದೇ?

ಸಮಾಧಾನ ಕೊಡುವುದನ್ನು ಬಿಡಬೇಕಾಗಿಲ್ಲ. ಉಸಿರಾಟದ ಅಭ್ಯಾಸ ಬೆಚ್ಚುವ ದೇಹವನ್ನು ತಣಿಸಲು ನಿಜಕ್ಕೂ ಸಹಾಯಕ. ಚಿಕಿತ್ಸೆಯ ಜೊತೆಗೆ ಮಾಡಿ, ಬದಲಿಗೆ ಅಲ್ಲ. ಗಾಳಿ ಸೋಕಿದೆ ಎಂದು ಹೊಡೆಸುವ, ಹೊಗೆ ಹಾಕಿಸುವ ಕಡೆಗೆ ಮಾತ್ರ ಖಂಡಿತ ಕರೆದೊಯ್ಯಬೇಡಿ.

ಮಕ್ಕಳಿಗೆ ಏನು ಹೇಳಬೇಕು?

ಅವರ ವಯಸ್ಸಿಗೆ ತಕ್ಕ ನಿಜವನ್ನು. ಏನೂ ಹೇಳದಿದ್ದರೆ ಮಗು ಅಪ್ಪನ ಸಿಟ್ಟಿಗೆ ತಾನೇ ಕಾರಣ ಎಂದುಕೊಳ್ಳುತ್ತದೆ. ‘ಅಪ್ಪ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸದ್ದಾದರೆ ಅಪಾಯವಿತ್ತು, ಅವರ ದೇಹ ಅದನ್ನು ಇನ್ನೂ ಮರೆತಿಲ್ಲ, ಡಾಕ್ಟರ್ ಸಹಾಯ ಮಾಡುತ್ತಿದ್ದಾರೆ’ ಎಂದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಮಲಗಿದ ಅಪ್ಪನನ್ನು ಮೈಮುಟ್ಟಿ ಎಬ್ಬಿಸದೆ, ಬಾಗಿಲ ಬಳಿ ನಿಂತು ‘ಅಪ್ಪಾ, ನಾನು’ ಎಂದು ಮೆಲ್ಲಗೆ ಹೇಳುವುದನ್ನು ಕಲಿಸಿ. ತೋಟದ ಮನೆಯ ಆ ಹವಾಲ್ದಾರರ ಮೊಮ್ಮಗಳು ಈಗ ಹಾಗೆಯೇ ಕರೆಯುತ್ತಾಳೆ, ಮತ್ತು ದೀಪಾವಳಿಗೆ ಅವರ ಮನೆಯಂಗಳದಲ್ಲಿ ಹಣತೆ ಮತ್ತು ಸುರುಸುರುಬತ್ತಿ ಮಾತ್ರ.